ಸೇದಬಾರದು, ಆದರೆ ಕೊಯ್ಯಬಹುದು!

ಅಮೆರಿಕದಲ್ಲಿ 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. 2019ರ ಡಿಸೆಂಬರ್‌ನಿಂದ ಇದು ರಾಷ್ಟ್ರವ್ಯಾಪಿ ಕಾನೂನು. ಆದರೆ ಹೆತ್ತವರ ಒಪ್ಪಿಗೆಯಿದ್ದರೆ 12 ವರ್ಷದ ಬಾಲಕನೊಬ್ಬ ಶಾಲಾ ವೇಳೆಯ ಹೊರಗೆ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡಲು ಅಲ್ಲಿನ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಆ ಬಾಲಕ ಹೆಚ್ಚಾಗಿ ಲ್ಯಾಟಿನೋ ವಲಸೆ ಕುಟುಂಬದವನು.

ಲ್ಯಾಟಿನೋ ಸಮುದಾಯಗಳಲ್ಲಿ ತಂಬಾಕಿನ ಚಟ ಬಿಡಿಸುವ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ. ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಪ್ರತಿ ಪ್ಯಾಕಿನ ಮೇಲೆ 25 ಸೆಂಟ್ ಹೆಚ್ಚುವರಿ ತೆರಿಗೆಗೆ ಒಪ್ಪಿಗೆಯಿತ್ತರು. ಆ ಹಣದ ಒಂದು ಪಾಲು ತಂಬಾಕು ನಿಯಂತ್ರಣಕ್ಕೆ ಹೋಯಿತು, ದೂರವಾಣಿಯಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೇ ಸಲಹೆ ದೊರೆಯಿತು. 'ಪ್ರೊಮೊತೋರಾ' ಎಂಬ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ನಡೆದರು. ಈ ಶ್ರಮ ಗೌರವಾರ್ಹವೇ. ಆದರೆ ಉದ್ಯಮಕ್ಕೂ ಸ್ಪ್ಯಾನಿಷ್ ಬರುತ್ತಿತ್ತು. 'ರಿಯೊ', 'ಡೊರಾಡೊ' ಎಂಬ ಹೆಸರಿನ ಸಿಗರೇಟುಗಳನ್ನು ಈ ಸಮುದಾಯಕ್ಕೆಂದೇ ಮಾರುಕಟ್ಟೆಗೆ ಬಿಟ್ಟಿತು, ಅವರ ಹಬ್ಬಗಳಿಗೆ ಪ್ರಾಯೋಜಕನಾಯಿತು.

ಪ್ರಚಾರ ಎಡವುವುದು ಹೊಲದ ಅಂಚಿನಲ್ಲಿ. ನಾರ್ತ್ ಕೆರೊಲಿನಾದಲ್ಲಿ ಇಬ್ಬನಿಯಿಂದ ತೊಯ್ದ ಎಲೆ ಕೊಯ್ಯುವಾಗ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ದೇಹ ಸೇರುತ್ತದೆ. ವಾಂತಿ, ತಲೆಸುತ್ತು, ನಿತ್ರಾಣ ಕಾಡುತ್ತವೆ. ಇದು 'ಹಸಿರು ತಂಬಾಕು ಕಾಯಿಲೆ'. ಒಂದು ಸಿಗರೇಟನ್ನೂ ಮುಟ್ಟದವನಿಗೂ ನಿಕೋಟಿನ್ ವಿಷವೇರುತ್ತದೆ. ಹ್ಯೂಮನ್ ರೈಟ್ಸ್ ವಾಚ್ ತನ್ನ 2014ರ ವರದಿಗಾಗಿ ನಾಲ್ಕು ರಾಜ್ಯಗಳ 141 ಬಾಲ ಕಾರ್ಮಿಕರನ್ನು ಮಾತನಾಡಿಸಿದಾಗ ಮುಕ್ಕಾಲು ಪಾಲಿನಷ್ಟು ಮಕ್ಕಳು ಇಂಥ ಅಸ್ವಸ್ಥತೆಗಳನ್ನೇ ಹೇಳಿಕೊಂಡರು. ಹದಿನಾರರೊಳಗಿನ ಕೂಲಿ ಮಕ್ಕಳನ್ನು ಈ ಕೆಲಸದಿಂದ ದೂರವಿಡುವ ಕರಡು ನಿಯಮ 2011ರಲ್ಲಿ ಹೊರಬಂದಿತ್ತು. ಕೃಷಿ ವಲಯದ ವಿರೋಧಕ್ಕೆ ಮಣಿದ ಸರಕಾರ 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಕೂಲಿ ತಪ್ಪಿದರೆ ಆ ಕುಟುಂಬ ಉಣ್ಣುವುದೇನು ಎಂಬ ಪ್ರಶ್ನೆ ಏಳುತ್ತದೆ. ಮಗುವಿನ ದುಡಿಮೆಯಿಲ್ಲದೆ ಒಲೆ ಉರಿಯದಷ್ಟು ಕಡಿಮೆ ಕೂಲಿಯನ್ನು ತಂದೆತಾಯಿಗೆ ಕೊಡುವವರು ಯಾರು ಎಂಬುದೇ ಇದಕ್ಕೆ ಮರುಪ್ರಶ್ನೆ. ಅಲ್ಲಿನ ವಲಸೆ ಕೃಷಿ ಕಾರ್ಮಿಕರ ಸಂಘ 2004ರಲ್ಲಿ ಬೆಳೆಗಾರರ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡು, ಸಂಘಟನೆಯಿಂದ ದಾರಿಯಿದೆ ಎಂದು ತೋರಿಸಿದೆ. ತಂಬಾಕು ವಿರೋಧಿ ಪ್ರಚಾರ ಆ ಸಂಘದ ಕೈ ಹಿಡಿಯದೆ ಬರಿಯ ಸೇದುವವನಿಗೆ ಬುದ್ಧಿ ಹೇಳಿದರೆ ಅದು ಅರ್ಧ ಧರ್ಮ.

ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಲ್ಲಿಯೂ ಬೆಳೆಯುವುದು ಇದೇ ಸಿಗರೇಟು ತಂಬಾಕು. ಇಲ್ಲಿ ಒಂದು ಕಿಲೋ ಎಲೆ ಹದವಾಗಲು ಬ್ಯಾರನ್‌ಗಳಲ್ಲಿ ಹಲವು ಕಿಲೋ ಸೌದೆ ಉರಿಯುತ್ತದೆ. ಚಟದ ಲೆಕ್ಕವನ್ನು ಶ್ವಾಸಕೋಶದಲ್ಲಿ ಮಾತ್ರ ಹುಡುಕುವವರು, ಎಲೆ ಕೊಯ್ದ ಕೈಯನ್ನೂ ಕಡಿದ ಮರವನ್ನೂ ಅದರಲ್ಲಿ ಸೇರಿಸಲಿ.