ಓಡುವಾಗ ನಮ್ಮವಳು, ಕೇಳುವಾಗ ಯಾರವಳು?

ತನ್ನ ಜನರ ಬಾವುಟ ಹಿಡಿದಳೆಂದು 1994ರಲ್ಲಿ ಯಾವ ಹುಡುಗಿಯ ಮೇಲೆ ಆಸ್ಟ್ರೇಲಿಯಾದ ಕ್ರೀಡಾ ಯಜಮಾನರು ಕಣ್ಣು ಕೆಂಪಗೆ ಮಾಡಿದ್ದರೋ, ಅದೇ ಹುಡುಗಿಯ ಕೈಗೆ 2000ದ ಸೆಪ್ಟೆಂಬರ್ 15ರಂದು ಒಲಿಂಪಿಕ್ ಪಂಜು ಕೊಟ್ಟು ಜಗತ್ತಿನ ಮುಂದೆ ನಿಲ್ಲಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಆಕೆ ಸಿಡ್ನಿಯಲ್ಲಿ ಮಹಿಳೆಯರ 400 ಮೀಟರ್ ಓಟ ಗೆದ್ದಳು. ದೇಶಕ್ಕೆ ದೇಶವೇ ಎದ್ದು ಕುಣಿಯಿತು. ಒಂದು ಸುತ್ತಿನ ಓಟ ಇಡೀ ದೇಶವನ್ನು ಒಂದುಮಾಡಿತು ಎಂದು ಅಂದಿನಿಂದ ಕತೆ ಕಟ್ಟಿ ಹೇಳುತ್ತಲೇ ಬಂದಿದ್ದಾರೆ.

ಸುಳ್ಳು ಗೆಳೆಯರೇ, ಇದು ಶುದ್ಧ ಸುಳ್ಳು. ಒಬ್ಬ ಹುಡುಗಿ 400 ಮೀಟರ್ ಓಡಿದ ಮಾತ್ರಕ್ಕೆ ಇನ್ನೂರು ವರ್ಷದ ಸಾಲ ತೀರುವುದಿಲ್ಲ. ಆಸ್ಟ್ರೇಲಿಯಾ ಅವಳ ಕಾಲುಗಳನ್ನು ತನ್ನದೆಂದಿತು, ಅವಳ ಅಜ್ಜಿಯ ಕಣ್ಣೀರನ್ನು ಮಾತ್ರ ತನ್ನದಲ್ಲ ಎಂದಿತು. ನನ್ನ ತಕರಾರು ಇರುವುದು ಇಲ್ಲಿ.

ಹೆಸರು ಕ್ಯಾಥಿ ಫ್ರೀಮನ್. ಹುಟ್ಟಿದ್ದು 1973ರಲ್ಲಿ, ಕ್ವೀನ್ಸ್‌ಲ್ಯಾಂಡಿನ ಮಕಾಯ್ ಎಂಬ ಕಬ್ಬಿನ ಊರಿನಲ್ಲಿ. ಆಕೆ ಹುಟ್ಟುವುದಕ್ಕೆ ಆರು ವರ್ಷ ಹಿಂದಿನವರೆಗೂ ಆ ದೇಶದ ಸಂವಿಧಾನದಲ್ಲಿ 127ನೇ ಕಲಮು ಎಂಬುದೊಂದಿತ್ತು. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದು ಎಂದು ಅದು ಹೇಳುತ್ತಿತ್ತು. ಬಿಳಿಯರ ಹಡಗು ಬರುವ ಮೊದಲು ಹತ್ತಾರು ಸಾವಿರ ವರ್ಷಗಳಿಂದ ಆ ನೆಲದ ಮೇಲಿದ್ದವರು ಲೆಕ್ಕಕ್ಕಿಲ್ಲ! ಕುರಿಗಳ ಲೆಕ್ಕ ಮಾತ್ರ ಪಕ್ಕಾ ಇತ್ತು ಬಿಡಿ. 1967ರ ಜನಮತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆ ಕಲಮು ಹೋಗಲಿ ಎಂದರು, ಹೋಯಿತು.

ಕ್ಯಾಥಿಯ ತಾಯಿ ಹುಟ್ಟಿದ್ದು ಪಾಮ್ ದ್ವೀಪದಲ್ಲಿ. ಹೆಸರು ಕೇಳಿದರೆ ರಜೆಗೆ ಹೋಗಿಬರುವ ಜಾಗ ಅನ್ನಿಸುತ್ತದೆ. 1918ರಿಂದ ಸರ್ಕಾರ ಕ್ವೀನ್ಸ್‌ಲ್ಯಾಂಡಿನ ಮೂಲೆಮೂಲೆಯ ಬುಡಕಟ್ಟುಗಳ ಜನರನ್ನು ಹಿಡಿದು ತಂದು ಗುಡ್ಡೆ ಹಾಕಿದ ದ್ವೀಪ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಹತ್ತಾರು ಬುಡಕಟ್ಟುಗಳು ಒಂದೇ ದೊಡ್ಡಿಯಲ್ಲಿ. ಮದುವೆಗೆ ಅಧಿಕಾರಿಯ ಅಪ್ಪಣೆ, ದ್ವೀಪ ಬಿಟ್ಟು ಹೋಗಲು ಅಪ್ಪಣೆ, ದುಡಿದ ಕೂಲಿಯೂ ಅಧಿಕಾರಿಯ ಕೈಯಲ್ಲಿ. ಕ್ಯಾಥಿಯ ಅಜ್ಜಿಯನ್ನು ಎಳೆಯ ವಯಸ್ಸಿನಲ್ಲೇ ಹೆತ್ತವರಿಂದ ಕಿತ್ತುಕೊಂಡು ಹೋಗಿದ್ದರು.

ಹೀಗೆ ಕಿತ್ತುಕೊಂಡ ಮಕ್ಕಳು ಒಬ್ಬಿಬ್ಬರಲ್ಲ. 1997ರಲ್ಲಿ ಹೊರಬಂದ ಅಲ್ಲಿನ ಮಾನವ ಹಕ್ಕು ಆಯೋಗದ ವರದಿಯ ಪ್ರಕಾರ 1910ರಿಂದ 1970ರವರೆಗೆ ಮೂಲನಿವಾಸಿಗಳ ಹತ್ತು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಒಂದರವರೆಗೆ ಹೀಗೆ ಮನೆಯಿಂದ ಎಳೆದೊಯ್ಯಲಾಗಿತ್ತು. ಬಿಳಿಯರ ಮಧ್ಯೆ ಬೆಳೆಸಿ, ಹುಟ್ಟಿದ ಮಾತು ಮರೆಸಿ, ಮುಂದೊಂದು ದಿನ ಈ ಜನವೇ ಇಲ್ಲದಂತೆ ಮಾಡುವ ನಾಜೂಕಿನ ಲೆಕ್ಕಾಚಾರ. ಅವರನ್ನು ಕದ್ದೊಯ್ದ ಪೀಳಿಗೆ ಎಂದು ಕರೆಯುತ್ತಾರೆ. ಕ್ಷಮೆ ಕೇಳಿ ಎಂದರೆ ಪ್ರಧಾನಿ ಜಾನ್ ಹೋವರ್ಡ್ ಕೇಳಲಿಲ್ಲ. ಒಲಿಂಪಿಕ್ಸಿಗೆ ಐದು ತಿಂಗಳಿರುವಾಗ, 2000ದ ಏಪ್ರಿಲಿನಲ್ಲಿ, ಆತನ ಸರ್ಕಾರ ಒಂದು ಮುತ್ತು ಉದುರಿಸಿತು: ಹೀಗೆ ಬೇರ್ಪಟ್ಟವರು ಶೇಕಡಾ ಹತ್ತಕ್ಕಿಂತ ಹೆಚ್ಚಿಲ್ಲ, ಆದ್ದರಿಂದ ಅದನ್ನು ಪೀಳಿಗೆ ಎನ್ನಲಾಗದು. ಹತ್ತು ಮನೆಯಲ್ಲಿ ಒಂದರ ತೊಟ್ಟಿಲು ಬರಿದಾದರೆ ಪೀಳಿಗೆಯಲ್ಲವಂತೆ, ಎಷ್ಟು ಬರಿದಾದರೆ ಪೀಳಿಗೆ ಸ್ವಾಮಿ?

ಕ್ಯಾಥಿ ಬಾಯಿ ಮುಚ್ಚಿ ಕೂರಲಿಲ್ಲ. ಆಟ ಶುರುವಾಗಲು ಎರಡು ತಿಂಗಳಿರುವಾಗಲೇ, ತನ್ನ ಅಜ್ಜಿಯನ್ನೇ ಕದ್ದೊಯ್ದಿದ್ದರು, ಈ ಸರ್ಕಾರಕ್ಕೆ ಮನಸ್ಸಿಲ್ಲ ಎಂಬರ್ಥದಲ್ಲಿ ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ಹೇಳಿದಳು. ಕ್ರೀಡಾಪಟು ರಾಜಕೀಯ ಮಾತಾಡಬಾರದು ಎಂದು ಉಪದೇಶಿಸುವ ಹಿರಿಯರು ಎಲ್ಲ ದೇಶದಲ್ಲೂ ಇರುತ್ತಾರೆ. ಅವಳ ಮಟ್ಟಿಗೆ ಅದು ಮನೆಯ ಮಾತು, ಅಜ್ಜಿಯ ಮಾತು.

ಈಗ ಬಾವುಟದ ಪ್ರಸಂಗಕ್ಕೆ ಬರೋಣ. 1994ರ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದದ್ದು ಕೆನಡಾದ ವಿಕ್ಟೋರಿಯಾದಲ್ಲಿ. 400 ಮೀಟರ್ ಗೆದ್ದ ಇಪ್ಪತ್ತೊಂದರ ಹುಡುಗಿ ಮೊದಲು ಎತ್ತಿಕೊಂಡದ್ದು ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯನ ಬಾವುಟ. ಹೆರಾಲ್ಡ್ ಥಾಮಸ್ ಎಂಬ ಮೂಲನಿವಾಸಿ ಕಲಾವಿದ 1971ರಲ್ಲಿ ರೂಪಿಸಿದ್ದು. ಕಪ್ಪು ಅವರ ಜನ, ಕೆಂಪು ಅವರ ಮಣ್ಣು, ಹಳದಿ ಅವರ ಸೂರ್ಯ. ಆಮೇಲೆ ಆಸ್ಟ್ರೇಲಿಯಾದ ರಾಷ್ಟ್ರಧ್ವಜವನ್ನೂ ಹಿಡಿದೇ ಸುತ್ತು ಹಾಕಿದಳು. ಎರಡನ್ನೂ ಹಿಡಿದಿದ್ದಳು, ಇದನ್ನು ನೆನಪಿಡಿ. ತಂಡದ ಮುಖ್ಯಸ್ಥ ಆರ್ಥರ್ ಟನ್‌ಸ್ಟಲ್‌ಗೆ ಕಂಡದ್ದು ಒಂದೇ. ರಾಷ್ಟ್ರಧ್ವಜದ ಹೊರತು ಬೇರೆ ಬಾವುಟ ಕೂಡದೆಂದು ತಾಕೀತು ಹೊರಬಿತ್ತು. ತನ್ನ ನೆಲದ ಬಾವುಟ ಹಿಡಿದವರ ದೇಶಪ್ರೇಮವನ್ನೇ ತಕ್ಕಡಿಗೆ ಹಾಕುವ ಈ ರಾಗ ನಿಮಗೂ ಎಲ್ಲೋ ಕೇಳಿದಂತಿದೆಯಲ್ಲವೇ?

ಅವಳು ಏನು ಮಾಡಿದಳು ಗೊತ್ತೇ? 200 ಮೀಟರನ್ನೂ ಗೆದ್ದು, ಅದೇ ಬಾವುಟವನ್ನು ಮತ್ತೆ ಹಿಡಿದು ಓಡಿದಳು. ಭಾಷಣವಿಲ್ಲ, ಹೇಳಿಕೆಯಿಲ್ಲ. ಮುಂದಿನ ವರ್ಷ, 1995ರ ಜುಲೈನಲ್ಲಿ, ಆಸ್ಟ್ರೇಲಿಯಾ ಸರ್ಕಾರ ಅದೇ ಬಾವುಟಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ದೇಶ ಒಡೆದು ಹೋಳಾಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ.

ಒಂದು ಸುತ್ತಿನ ಓಟದ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಇದು ಹೆಂಗಸರಿಗೆ ಸುಲಭವಾಗಿ ದಕ್ಕಿದ ಓಟವಲ್ಲ. 1928ರಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದರೆಂದು ಗುಲ್ಲೆಬ್ಬಿಸಿ, ಒಲಿಂಪಿಕ್ಸಿನಲ್ಲಿ 200 ಮೀಟರಿಗಿಂತ ದೂರದ ಓಟವನ್ನೇ ಅವರಿಂದ ಕಿತ್ತುಕೊಂಡರು. ಗಂಡಸರು ಓಡಿ ಬಿದ್ದರೆ ವೀರರು, ಹೆಂಗಸರು ಬಿದ್ದರೆ ಅಬಲೆಯರು! ಮಹಿಳೆಯರ 400 ಮೀಟರ್ ಒಲಿಂಪಿಕ್ಸಿಗೆ ಬಂದದ್ದು 1964ರಲ್ಲಿ, ಟೋಕಿಯೋದಲ್ಲಿ. ಆ ಮೊದಲ ಚಿನ್ನ ಗೆದ್ದವಳು ಆಸ್ಟ್ರೇಲಿಯಾದ ಬೆಟ್ಟಿ ಕತ್‌ಬರ್ಟ್, 52.0 ಸೆಕೆಂಡಿನಲ್ಲಿ. ಸಿಡ್ನಿಯ ಉದ್ಘಾಟನೆಯ ರಾತ್ರಿ ಕ್ರೀಡಾಂಗಣದೊಳಗೆ ಪಂಜು ಸಾಗಿಸಿದವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಂದವಳು ಈ ಬೆಟ್ಟಿ. ಕೊನೆಗೆ ಪಂಜು ಸೇರಿದ್ದು ಕ್ಯಾಥಿಯ ಕೈಗೆ.

400 ಮೀಟರ್ ಕ್ರೂರ ಓಟ. 100 ಮೀಟರಿನಂತೆ ಕಣ್ಣು ಮುಚ್ಚಿ ನುಗ್ಗಿದರೆ ಆಗದು, ಲೆಕ್ಕ ಹಾಕಿ ನಿಧಾನ ಮಾಡಿದರೂ ಆಗದು. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಸ್ನಾಯುಗಳಲ್ಲಿ ಆಮ್ಲ ತುಂಬಿ ತೊಡೆ ಕಲ್ಲಾಗುತ್ತದೆ. ಕೊನೆಯ ನೂರು ಮೀಟರಿನಲ್ಲಿ ಯಾರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ, ಯಾರ ವೇಗ ಕಡಿಮೆ ಕುಸಿಯುತ್ತದೋ ಅವರೇ ಗೆಲ್ಲುವುದು. ಇದರ ಮೇಲೆ ಲೇನುಗಳ ಮೋಸ ಬೇರೆ. ಹೊರಗಿನ ಲೇನಿನವರನ್ನು ಮುಂದೆ ನಿಲ್ಲಿಸಿರುತ್ತಾರೆ, ಕೊನೆಯ ತಿರುವು ಮುಗಿಯುವವರೆಗೆ ಯಾರು ಮುಂದೆ ಯಾರು ಹಿಂದೆ ಎಂದು ಓಡುವವರಿಗೇ ಸರಿಯಾಗಿ ತಿಳಿಯದು.

ಸೆಪ್ಟೆಂಬರ್ 25, ಸೋಮವಾರ ರಾತ್ರಿ. ಕ್ರೀಡಾಂಗಣದಲ್ಲಿ 1,12,524 ಜನ. ಅಟ್ಲಾಂಟಾದಲ್ಲಿ 1996ರಲ್ಲಿ 48.25ರಲ್ಲಿ ಓಡಿ ಕ್ಯಾಥಿಯನ್ನು ಬೆಳ್ಳಿಗೆ ತಳ್ಳಿದ್ದ ಫ್ರಾನ್ಸಿನ ಮೇರಿ-ಜೋಸ್ ಪೆರೆಕ್ ಈ ಓಟಕ್ಕೆ ಬರಲೇ ಇಲ್ಲ. ಯಾರೋ ಬೆದರಿಸಿದರೆಂದು ಹೇಳಿ ಸ್ಪರ್ಧೆಗೆ ಮುಂಚೆಯೇ ಸಿಡ್ನಿ ಬಿಟ್ಟಿದ್ದಳು. ಕ್ಯಾಥಿಗೆ ಆರನೇ ಲೇನು. ತಲೆ ಮುಚ್ಚುವ ಟೊಪ್ಪಿಗೆಯ ಇಡೀ ಮೈಯುಡುಪು, ಕಾಲಲ್ಲಿ ಕಪ್ಪು, ಕೆಂಪು, ಹಳದಿಯ ಶೂ. ಕೊನೆಯ ತಿರುವು ದಾಟಿ ನೇರ ದಾರಿಗೆ ಬಂದಾಗ ಜಮೈಕಾದ ಲೊರೇನ್ ಗ್ರಹಾಂ, ಬ್ರಿಟನ್ನಿನ ಕ್ಯಾಥರೀನ್ ಮೆರ್ರಿ ಇಬ್ಬರೂ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿಂದ ಅವರಿಬ್ಬರ ಕಾಲು ಸೋತಿತು, ಇವಳದು ಸೋಲಲಿಲ್ಲ. ಕ್ಯಾಥಿ 49.11, ಗ್ರಹಾಂ 49.58, ಮೆರ್ರಿ 49.72. ದಾಖಲೆಯ ಪುಸ್ತಕ ತೆರೆದರೆ 49.11 ಅಷ್ಟೇನೂ ದೊಡ್ಡದಲ್ಲ, ಬೆಳ್ಳಿ ಗೆದ್ದ ಅಟ್ಲಾಂಟಾದಲ್ಲಿ ಇವಳೇ 48.63ರಲ್ಲಿ ಓಡಿದ್ದಳು. ಪೆರೆಕ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಗೊಣಗುವವರು ಗೊಣಗಲಿ. ಲಕ್ಷಕ್ಕೂ ಮಿಕ್ಕಿದ ಜನರ ಕೂಗು ಬೆನ್ನ ಮೇಲೆ ಹೊತ್ತು ಓಡುವ ಭಾರವನ್ನು ಯಾವ ಗಡಿಯಾರವೂ ಅಳೆಯುವುದಿಲ್ಲ.

ಗುರಿ ಮುಟ್ಟಿದವಳು ನಗಲಿಲ್ಲ, ಕುಣಿಯಲಿಲ್ಲ. ಟೊಪ್ಪಿಗೆ ಸರಿಸಿ ನೆಲದ ಮೇಲೆ ಕೂತುಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಎದ್ದು, ಶೂ ಬಿಚ್ಚಿ, ಎರಡೂ ಬಾವುಟಗಳನ್ನು ಒಟ್ಟಿಗೆ ಹಿಡಿದು ಬರಿಗಾಲಲ್ಲಿ ಸುತ್ತು ಹಾಕಿದಳು. ಆರು ವರ್ಷದ ಹಿಂದೆ ತಾಕೀತು ಮಾಡಿದವರ ದೇಶ ಈಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಅವಳ ಬಲತೋಳಿನ ಮೇಲೊಂದು ಹಚ್ಚೆಯಿದೆ: ಕಾಸ್ ಐ ಆಮ್ ಫ್ರೀ. ಏಕೆಂದರೆ ನಾನು ಸ್ವತಂತ್ರಳು. ಫ್ರೀಮನ್ ಎಂಬ ಮನೆತನದ ಹೆಸರಿನ ಜೊತೆ ಆಡಿದ ಚೆಲ್ಲಾಟವೂ ಹೌದು, ಅಜ್ಜಿಗೆ ಇಲ್ಲದ್ದು ತನಗಿದೆ ಎಂಬ ಹಟವೂ ಹೌದು ಎಂದು ನಾನು ಓದಿಕೊಳ್ಳುತ್ತೇನೆ.

ಚಪ್ಪಾಳೆ ತಟ್ಟಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಜನರಲ್ಲಿ ಒಳ್ಳೆಯವರೂ ಇದ್ದರು. ಅದೇ ವರ್ಷ ಮೇ 28ರಂದು ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಸೇತುವೆಯ ಮೇಲೆ ಮೂಲನಿವಾಸಿಗಳ ಪರವಾಗಿ ನಡೆದಿದ್ದರು. ಸಮಾರೋಪದ ರಾತ್ರಿ ಮಿಡ್‌ನೈಟ್ ಆಯಿಲ್ ಎಂಬ ಹಾಡುಗಾರರ ತಂಡ ಸಾರಿ ಎಂದು ಬರೆದ ಕಪ್ಪು ಬಟ್ಟೆ ತೊಟ್ಟು, ಪ್ರಧಾನಿಯ ಎದುರೇ ಹಾಡಿತು. ತಪ್ಪಾದದ್ದು ಚಪ್ಪಾಳೆಯನ್ನೇ ನ್ಯಾಯವೆಂದು ತೋರಿಸಿದ್ದು. ಒಂದು ಪದಕ ತೋರಿಸಿ, ನೋಡಿ ನಮ್ಮಲ್ಲಿ ಭೇದವೇ ಇಲ್ಲ ಎಂದದ್ದು. ಅವಳು ತನ್ನ ಕೆಲಸವನ್ನು 49.11 ಸೆಕೆಂಡಿನಲ್ಲಿ ಮುಗಿಸಿದಳು. ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಕ್ಷಮಿಸಿ ಎನ್ನಲು ಆ ದೇಶದ ಪ್ರಧಾನಿಗೆ ಮತ್ತೆ ಏಳು ವರ್ಷ ಮೀರಿ ಬೇಕಾಯಿತು. ಹೋವರ್ಡ್ ಚುನಾವಣೆಯಲ್ಲಿ ಸೋತು ಮನೆಗೆ ಹೋದ ಮೇಲೆ, 2008ರ ಫೆಬ್ರವರಿ 13ರಂದು, ಕೆವಿನ್ ರಡ್ ಆ ಮಾತು ಹೇಳಿದ.

ಇನ್ನು ಭಾಷೆ. ಇದನ್ನು ಯಾವ ಟಿವಿಯವನೂ ಹೇಳಲಿಲ್ಲ. ಕ್ಯಾಥಿಯ ತಾಯಿಯ ಕಡೆಯವರು ಕುಕು ಯಲಂಜಿ ಜನ, ಡೇನ್‌ಟ್ರೀ ಮಳೆಕಾಡಿನ ಸೀಮೆಯವರು. ಅವರಿಗೆ ಅವರದೇ ಮಾತಿದೆ. ಬಿಳಿಯರು 1788ರಲ್ಲಿ ಬಂದಿಳಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. 2020ರಲ್ಲಿ ಸರ್ಕಾರವೇ ಹೊರತಂದ ವರದಿಯಲ್ಲಿ, ಮಕ್ಕಳ ಬಾಯಲ್ಲೂ ಗಟ್ಟಿಯಾಗಿ ಉಳಿದವೆಂದು ಎಣಿಸಿದ್ದು ಬರೀ 12. ಉಳಿದವು ತಾವಾಗಿ ಸಾಯಲಿಲ್ಲ. ಮಿಷನ್ನುಗಳಲ್ಲಿ, ವಸತಿಗೃಹಗಳಲ್ಲಿ ತಾಯಿಮಾತು ಆಡಿದ ಮಕ್ಕಳಿಗೆ ಶಿಕ್ಷೆ ಕೊಟ್ಟು ಕೊಂದರು. ಮಗುವನ್ನು ಕದ್ದವರು ಮಾತನ್ನೂ ಕದ್ದರು. ಬಾವುಟವನ್ನು ಒಂದು ಅಧಿಸೂಚನೆಯಲ್ಲಿ ಮಾನ್ಯ ಮಾಡಬಹುದು, ಅಜ್ಜಿಯಿಂದ ಮೊಮ್ಮಗಳಿಗೆ ದಾಟದೆ ಹೋದ ಮಾತನ್ನು ಯಾವ ಅಧಿಸೂಚನೆ ತಂದುಕೊಡುತ್ತದೆ?

ಕುಕು ಯಲಂಜಿ ಜನ ಮಾತ್ರ ಸುಮ್ಮನೆ ಕೂತವರಲ್ಲ. ವರ್ಷಗಟ್ಟಲೆ ಮಾತುಕತೆ ನಡೆಸಿ, 2021ರ ಸೆಪ್ಟೆಂಬರಿನಲ್ಲಿ ಡೇನ್‌ಟ್ರೀ ಕಾಡೂ ಸೇರಿ ಸುಮಾರು 1,60,000 ಹೆಕ್ಟೇರ್ ನೆಲವನ್ನು ಮರಳಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಯಾರೂ ಪದಕದ ಜೊತೆ ಬಹುಮಾನವಾಗಿ ಕೊಟ್ಟದ್ದಲ್ಲ.

ಒಂದಾದ ದೇಶದ ಕತೆ ಹೇಳುವವರಿಗೆ ಇನ್ನೊಂದು ತಾರೀಖು ಕೊಡುತ್ತೇನೆ. 2023ರ ಅಕ್ಟೋಬರ್ 14. ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಗುರುತಿಸಿ, ಪಾರ್ಲಿಮೆಂಟಿಗೆ ಸಲಹೆ ಕೊಡುವ ಒಂದು ಮಂಡಳಿಯನ್ನು ಅವರಿಗೆ ಕೊಡೋಣವೇ ಎಂದು ಆಸ್ಟ್ರೇಲಿಯಾ ತನ್ನ ಜನರನ್ನು ಕೇಳಿತು. ಅಧಿಕಾರವಲ್ಲ, ಬರೀ ಸಲಹೆ. ನೂರಕ್ಕೆ ಅರವತ್ತು ಮಂದಿ ಬೇಡ ಎಂದರು. ಆರು ರಾಜ್ಯಗಳಲ್ಲಿ ಆರೂ ಬೇಡ ಎಂದವು, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಕೂಡ. ಎಲ್ಲಕ್ಕಿಂತ ಜೋರಾಗಿ ಬೇಡ ಎಂದದ್ದು ಕ್ಯಾಥಿ ಹುಟ್ಟಿದ ಕ್ವೀನ್ಸ್‌ಲ್ಯಾಂಡ್. ಅಲ್ಲಿ ನೂರಕ್ಕೆ 68.