ವಿಜ್ಞಾನ ಪ್ರಪಂಚ: ರೋಗಿಗಿಂತ ಮುಂಚೆ ಹೊರಡುವ ಹೃದಯರೇಖೆ

ಬೆಳ್ತಂಗಡಿಯ ಸೀಮೆಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವುದಿಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ. ಗುಡ್ಡ ಇಳಿದು ತೋಡು ದಾಟಿದರೆ ಇನ್ನೊಂದು. ಇಂಥ ಮನೆಯ ಯಜಮಾನರಿಗೆ ನಡುರಾತ್ರಿ ಎದೆ ಬಿಗಿದು ಮೈ ಬೆವರಿದರೆ, ವಾಯುವಿನ ಉಪದ್ರವವೆಂದು ಭಾವಿಸಿ ಶುಂಠಿ ಕಷಾಯ ಕುಡಿಸುವವರುಂಟು. ಹೃದಯಕ್ಕೆ ರಕ್ತವುಣಿಸುವ ನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಬೆಳಗಾಗಲೆಂದು ಕಾಯುವ ಆ ನಾಲ್ಕು ಗಂಟೆಗಳಲ್ಲಿ ಹೃದಯದ ಸ್ನಾಯು ಸ್ವಲ್ಪಸ್ವಲ್ಪವಾಗಿ ಸಾಯುತ್ತಿರುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ.

ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬಂಟ್ವಾಳದಿಂದ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ಬಂದಿರುವುದು ಹೃದಯಾಘಾತವೇ ಅಲ್ಲವೇ ಎಂದು ತಿಳಿಯಲು ರೋಗಿಯೇ ಅಷ್ಟು ದೂರ ಬರಬೇಕೆ? ಹೃದಯದ ವಾರ್ತೆಯೊಂದೇ ಬಂದರೆ ಸಾಲದೆ?

ಈ ಯೋಚನೆ ಶತಮಾನಕ್ಕೂ ಹಳೆಯದು. ಹೃದಯದ ವಿದ್ಯುತ್ತನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ರೂಪಿಸಿದ ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್‌ಗೆ ಇದೇ ತೊಡಕು ಎದುರಾಗಿತ್ತು. ಅವನ ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐವರು ಬೇಕು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಅಸಾಧ್ಯವೆಂದರಿತ ಐಂಥೋವನ್, 1905ರಲ್ಲಿ ಲೈಡನ್ ನಗರದ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ಟೆಲಿಫೋನ್ ತಂತಿಯಲ್ಲೇ ಹೃದಯದ ಮಿಡಿತವನ್ನು ತರಿಸಿಕೊಂಡನು. 1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆ ಭಾರೀ ಯಂತ್ರ ಇಂದು ಕೈಚೀಲದಲ್ಲಿ ಹಿಡಿಸುತ್ತದೆ. ಉಪ್ಪುನೀರಿನ ಪಾತ್ರೆಯ ಸ್ಥಾನದಲ್ಲಿ ಎದೆಗೆ ಅಂಟಿಸುವ ಪುಟ್ಟ ಬಿಲ್ಲೆಗಳು ಬಂದಿವೆ. ದೇಹದೊಳಗೆ ವಿದ್ಯುತ್ತನ್ನು ಹೊರುವವು ಲವಣದ ಅಯಾನುಗಳು. ತಂತಿಯಲ್ಲಿ ಹೊರುವವು ಎಲೆಕ್ಟ್ರಾನುಗಳು. ಇವೆರಡರ ನಡುವಣ ಸೇತುವೆ, ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ. ಚರ್ಮದ ಮೇಲೆ ದೊರೆಯುವ ವಿದ್ಯುತ್ತಾದರೋ ಸುಮಾರು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ಬೆವರಿಗೆ ಬಿಲ್ಲೆ ಸಡಿಲಿದರೆ ರೇಖೆ ನಡುಗಿ ವೈದ್ಯರ ಓದಿಗೆ ಅಡ್ಡಿಯಾಗುತ್ತದೆ. ಆದ್ದರಿಂದಲೇ ಗ್ರಾಫೀನ್ ಎಂಬ ಅತಿ ತೆಳುವಾದ ಇಂಗಾಲದ ಹಾಳೆಯನ್ನೂ ವಿದ್ಯುದ್ವಾಹಕ ಪಾಲಿಮರುಗಳನ್ನೂ ಬಳಸಿ, ಹಚ್ಚೆಯಂತೆ ಮೈಗಂಟುವ ಒಣ ಬಿಲ್ಲೆಗಳನ್ನು ನಿರ್ಮಿಸುವ ಸಂಶೋಧನೆ ನಡೆದಿದೆ.

ಐಂಥೋವನ್‌ನ ತಂತಿಯ ಕೆಲಸವನ್ನು ಕರಾವಳಿಯಲ್ಲಿ ಇಂದು ಕಿಸೆಯಲ್ಲಿನ ಫೋನು ಮಾಡುತ್ತಿದೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ 2018ರ ಸುಮಾರಿಗೆ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಯೋಜನೆಯನ್ನಾರಂಭಿಸಿ, ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸತೊಡಗಿದರು. ಹಳ್ಳಿಯ ವೈದ್ಯರು ತೆಗೆದ ರೇಖೆಯ ಚಿತ್ರ ವಾಟ್ಸಾಪ್ ಮೂಲಕ ತಜ್ಞರ ಕೈ ಸೇರುತ್ತದೆ. ಅವರ ಸಲಹೆ ಅದೇ ದಾರಿಯಲ್ಲಿ ಮರಳುತ್ತದೆ. 2023ರಲ್ಲಿ ರಾಜ್ಯ ಸರಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ದೊರೆಯುವಂತೆ ಮಾಡಲು ಮುಂದಾಯಿತು. ನಾಳವನ್ನು ತೆರೆಯಬಲ್ಲ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಎರಡು ಗಂಟೆಯೊಳಗೆ ಸಿಗದೆಂದಾದರೆ, ಯೋಗ್ಯ ರೋಗಿಗಳಿಗೆ ಈ ಮದ್ದನ್ನು ಮೊದಲೇ ಕೊಡುವುದು ವೈದ್ಯರ ಕ್ರಮ.

ಆದರೆ ರೇಖೆಯೊಂದನ್ನೇ ನಂಬಿ ನಿಶ್ಚಿಂತರಾಗಲಾಗದು. ಮೊದಲ ರೇಖೆ ಸರಿಯಾಗಿದ್ದರೂ ಆಘಾತವಾಗಿರಬಹುದು. ಅದಕ್ಕೆಂದೇ ವೈದ್ಯರು ಮತ್ತೊಮ್ಮೆ ರೇಖೆ ತೆಗೆಯುವರು, ರಕ್ತದಲ್ಲಿ ಟ್ರೋಪೋನಿನ್ ಅಂಶವನ್ನು ಪರೀಕ್ಷಿಸುವರು. ಮಧುಮೇಹಿಗಳಲ್ಲಿಯೂ ಸ್ತ್ರೀಯರಲ್ಲಿಯೂ ಎದೆನೋವಿಲ್ಲದೆ ಬರಿಯ ಓಕರಿಕೆ, ಆಯಾಸ, ಉಸಿರಿನ ತೊಂದರೆಗಳಷ್ಟೇ ಕಾಣಿಸಿಕೊಳ್ಳುವುದುಂಟು.

ಹೃದಯದ ರೇಖೆ ಕ್ಷಣಮಾತ್ರದಲ್ಲಿ ಮಂಗಳೂರನ್ನು ಮುಟ್ಟಬಲ್ಲುದು. ಆದರೆ ತೋಟದ ಮನೆಯಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿಯನ್ನು ಯಾವ ಯಂತ್ರವೂ ಮೊಟಕುಗೊಳಿಸಲಾರದು. ಆ ದಾರಿ ಆರಂಭವಾಗುವುದು ಮನೆಯವರ ತೀರ್ಮಾನದಿಂದ. ಕಷಾಯಕ್ಕೆ ಒಲೆ ಹೊತ್ತಿಸುವ ಮುನ್ನ 108ಕ್ಕೆ ಕರೆ ಹೋಗಲಿ. ವಾಯುವೇ ಆಗಿದ್ದರೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ ಮಾತ್ರ.