ಬೈನಾಕ್ಯುಲರ್ ನಿಮ್ಮ ಕೊರಳಲ್ಲೇ ಇರಲಿ!

'ಈ ಶನಿವಾರ ಎಲ್ಲಾದ್ರೂ ಹೋಗೋಣ್ವಾ?' ಅಂತ ಮನೆಯವರು ಕೇಳಿದ ತಕ್ಷಣ ನಿಮ್ಮ ತಲೆಯಲ್ಲಿ ಮೊದಲು ಓಡುವುದು ಏನು ಹೇಳಿ? ಬೆಟ್ಟವೂ ಅಲ್ಲ, ಸಮುದ್ರವೂ ಅಲ್ಲ. ಚಪಾತಿ ಎಷ್ಟು ಬೇಕು, ಪುಳಿಯೋಗರೆ ಗೊಜ್ಜು ಸಾಕಾಗುತ್ತಾ, ಮಗನ ಸ್ವೆಟರ್ ಎಲ್ಲಿ, ಅತ್ತೆಯವರ ಬಿ.ಪಿ. ಮಾತ್ರೆ ಎಲ್ಲಿ! ವಾಪಸ್ ಬಂದ ಮೇಲೆ ಎಲ್ಲರೂ 'ಸುಸ್ತಪ್ಪಾ' ಅಂತ ಮಲಗ್ತಾರೆ, ನೀವು ಮರಳು ತುಂಬಿದ ಬಟ್ಟೆ ನೆನೆಸ್ತೀರಿ. ಇದನ್ನು ಪ್ರವಾಸ ಅನ್ನೋದಕ್ಕಿಂತ ಅಡುಗೆಮನೆಯ ವರ್ಗಾವಣೆ ಅನ್ನೋದೇ ಸರಿ.

ಆದ್ದರಿಂದ ಈ ಸಲ ಬೇರೆ ಥರದ ಟ್ರಿಪ್ಪಿಗೆ ಹಟ ಮಾಡಿ ಅಂತ ನನ್ನ ಸಲಹೆ. ಕರಾವಳಿಗೆ ಹಕ್ಕಿ ನೋಡೋಕೆ ಹೋಗಿ. ನಗಬೇಡಿ! ಹಕ್ಕಿ ನೋಡೋದು ಅಂದ್ರೆ ಟೋಪಿ ಹಾಕಿ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಗಂಡಸರ ಹವ್ಯಾಸ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದೇವೆ. ಆದರೆ ಮಕ್ಕಳಿಗಾಗಿ 1970ರಲ್ಲೇ ನ್ಯಾಷನಲ್ ಬುಕ್ ಟ್ರಸ್ಟ್‌ಗೆ 'ವಾಚಿಂಗ್ ಬರ್ಡ್ಸ್' ಎಂಬ ಪುಟ್ಟ ಪುಸ್ತಕ ಬರೆದುಕೊಟ್ಟವರು ಜಮಾಲ್ ಆರಾ ಎಂಬ ಮಹಿಳೆ. ಅಮೆರಿಕದ ಫೀಬಿ ಸ್ನೆಟ್ಸಿಂಗರ್ ನಮ್ಮ ಹಾಗೇ ಗೃಹಿಣಿ, ನಾಲ್ಕು ಮಕ್ಕಳ ತಾಯಿ. ಮೂವತ್ತರ ಹರೆಯದಲ್ಲಿ ಪಕ್ಕದ ಮನೆಯಾಕೆ ಬೈನಾಕ್ಯುಲರ್ ಕೈಗಿತ್ತಾಗ ಶುರುವಾದ ಹುಚ್ಚು, 1999ರಲ್ಲಿ ಆಕೆ ತೀರಿಕೊಳ್ಳುವ ಹೊತ್ತಿಗೆ 8 ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ನೋಡುವವರೆಗೆ ಹೋಗಿತ್ತು. (ಅಷ್ಟು ದೂರ ಹೋಗಿ ಅಂತ ನಾನು ಹೇಳ್ತಿಲ್ಲ. ಹಕ್ಕಿಗೋಸ್ಕರ ಮಗಳ ಮದುವೆಯನ್ನೇ ತಪ್ಪಿಸಿಕೊಂಡ ಮಹಾತಾಯಿ ಆಕೆ!)

ಎಲ್ಲಿಗೆ ಹೋಗೋದು? ಕುಮಟಾ ಮತ್ತು ಗೋಕರ್ಣದ ನಡುವೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ಇದೆಯಲ್ಲ, ಅಲ್ಲಿಗೆ. ಶಿರಸಿ ಕಡೆ ಹುಟ್ಟಿ, ದಾರಿಯಲ್ಲಿ ಒಂದು ಅಣೆಕಟ್ಟನ್ನೂ ಕಾಣದೆ ಕಡಲು ಮುಟ್ಟುವ ನದಿ ಇದು. 2024ರ ಜನವರಿಯಲ್ಲಿ ಈ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಕಾಂಡ್ಲಾ ಗಿಡಗಳು, ಗಜನಿ ಗದ್ದೆಗಳು, ನೀರು ಇಳಿದಾಗ ಮೈಲಿಗಟ್ಟಲೆ ತೆರೆದುಕೊಳ್ಳುವ ಕೆಸರು ಬಯಲು... ಹಕ್ಕಿಗಳಿಗೆ ಇದು ಮದುವೆ ಮನೆಯ ಊಟದ ಹಾಲ್ ಇದ್ದಂತೆ. ಕೆಸರಿನಲ್ಲಿ ಹುಳ, ಏಡಿ, ಚಿಪ್ಪಿ, ಏನು ಬೇಕು ಅದು.

ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರಗಳೇ ಯಾಕೆ ಅಂದರೆ, ಚಳಿಗಾಲ ಕಳೆಯೋಕೆ ಬಂದ ನೆಂಟರು ಆಗ ಹೊರಡುವ ತಯಾರಿಯಲ್ಲಿರುತ್ತಾರೆ. ಹೊರಡುವ ಮೊದಲು ಬಟ್ಟೆ ಬದಲಾಯಿಸುತ್ತಾರೆ! ಕಂದುತಲೆಯ ಕಡಲಕ್ಕಿಯನ್ನೇ ನೋಡಿ. ಡಿಸೆಂಬರ್‌ನಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೇ. ಈಗ ನೋಡಿದರೆ ಕೆಲವಕ್ಕೆ ತಲೆಪೂರ್ತಿ ಕಾಫಿ ಬಣ್ಣ ಬಂದಿರುತ್ತದೆ, ಕೆಲವಕ್ಕೆ ಅರ್ಧಂಬರ್ಧ. ಸ್ಯಾಂಡ್ ಪ್ಲವರ್ ಎಂಬ ಗುಬ್ಬಚ್ಚಿಗಿಂತ ಒಂದಿಷ್ಟು ದೊಡ್ಡ ಹಕ್ಕಿಯ ಬೂದು ಎದೆಗೆ ಇಟ್ಟಿಗೆ ಕೆಂಪು ಏರಿರುತ್ತದೆ. ಇವು ಮೊಟ್ಟೆಯಿಡೋದು ಲಡಾಖ್, ಟಿಬೆಟ್ ಕಡೆಯ ಎತ್ತರದ ನಾಡುಗಳಲ್ಲಿ. ಮಕ್ಕಳಿಗೆ ರಜಾ ಬರಲಿ ಅಂತ ಮೇ ತಿಂಗಳವರೆಗೆ ಕಾದರೆ ಬಹುಪಾಲು ಹಕ್ಕಿಗಳು ಹೊರಟುಹೋಗಿರುತ್ತವೆ. ಬೆವರು ಮಾತ್ರ ಸಿಗುತ್ತದೆ.

'ಅಯ್ಯೋ, ಮಾರ್ಚ್ ಅಂದ್ರೆ ಪರೀಕ್ಷೆ ಕಣ್ರೀ!' ಅಂತ ನೀವು ಹೇಳೋದು ನನಗೆ ಇಲ್ಲಿಗೇ ಕೇಳಿಸ್ತಾ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಇದ್ದವರು ಆ ವರ್ಷ ಬಿಡಿ, ಒಪ್ಪಿದೆ. ಆದರೆ ಐದನೇ ಕ್ಲಾಸಿನ ಪರೀಕ್ಷೆಗೂ ಅಮ್ಮ ಪಕ್ಕದಲ್ಲಿ ಬೋರ್ನ್‌ವಿಟಾ ಹಿಡಿದು ಕೂರಬೇಕಾ? ಅಪ್ಪ ಕೂತರೆ ಮಾರ್ಕ್ಸ್ ಬರಲ್ವಾ? ಮಕ್ಕಳನ್ನು ಎರಡು ದಿನ ಅವರಪ್ಪನಿಗೆ ಒಪ್ಪಿಸಿ, ಮೂರು ಜನ ಗೆಳತಿಯರು ಸೇರಿ ಹೊರಡಿ ಅಂತಲೇ ನಾನು ಹೇಳೋದು. ಮನೆಯವರೆಲ್ಲ ಬಂದರೂ ಸಂತೋಷವೇ. ಆದರೆ ಒಂದು ಷರತ್ತು ಇರಲಿ: ಊಟ ತಿಂಡಿ ಎಲ್ಲ ಹೋಟೆಲ್ಲಿನಲ್ಲಿ, ಬೈನಾಕ್ಯುಲರ್ ನಿಮ್ಮ ಕೊರಳಲ್ಲಿ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಮನೆಗೊಂದು ಬೈನಾಕ್ಯುಲರ್ ಬಂದರೆ ಅದು ಮೊದಲು ಯಜಮಾನರ ಕೈಗೆ, ಆಮೇಲೆ ಮಗನ ಕೈಗೆ ಹೋಗುತ್ತದೆ. 'ಎಲ್ಲಿ, ಎಲ್ಲಿ' ಅಂತ ನೀವು ಇಣುಕುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ, ಯಾರಿಗೋ ನೀರಿನ ಬಾಟಲಿ ಬೇಕಾಗಿರುತ್ತದೆ. ಟೀವಿ ರಿಮೋಟಿನ ಕಥೆಯೇ ಇಲ್ಲೂ ಅಲ್ವಾ? ಕೊಳ್ಳುವಾಗ 8x40 ಅಥವಾ 8x42 ಅಂತ ಬರೆದಿರೋದು ಕೇಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅನ್ನೋದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 'ಇಪ್ಪತ್ತು ಪಟ್ಟು ಮೇಡಂ' ಅಂತ ಅಂಗಡಿಯವರು ಆಸೆ ತೋರಿಸಿದರೆ ಬೇಡ ಅನ್ನಿ, ಕೈ ನಡುಗಿ ಏನೂ ಕಾಣಲ್ಲ. ತಂದ ಮೇಲೆ ಎರಡು ಭಾನುವಾರ ಇಲ್ಲೇ ಅಭ್ಯಾಸ ಮಾಡಿ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಜ್ಞಾನಭಾರತಿ ಎಷ್ಟು ಹೊತ್ತು? ಮಲ್ಲತ್ತಹಳ್ಳಿ ಕೆರೆ, ಉಲ್ಲಾಳ ಕೆರೆ ಇವೆ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಯ ಮೇಲೆ ಕಣ್ಣು ಪಳಗಲಿ.

ಹೆಸರು ಗೊತ್ತಿಲ್ಲ ಅನ್ನುವ ಸಂಕೋಚ ಬೇಡವೇ ಬೇಡ. ತೊಗರಿಬೇಳೆಯಲ್ಲಿ ಅದೇ ಬಣ್ಣದ ಕಲ್ಲು ಆರಿಸುವ ಕಣ್ಣು ನಮ್ಮದು. ಕೆಸರಿನ ಮೇಲೆ ಓಡಾಡುವ ಬೂದು ಹಕ್ಕಿಗಳೆಲ್ಲ ಮೊದಲ ನೋಟಕ್ಕೆ ಒಂದೇ ಥರ. ಐದು ನಿಮಿಷ ಸುಮ್ಮನೆ ನೋಡಿ. ಒಂದರ ಕಾಲು ಕೆಂಪು, ಅದು ರೆಡ್‌ಶ್ಯಾಂಕ್. ಇನ್ನೊಂದರ ಕಾಲು ಹಸಿರು ಮಿಶ್ರಿತ, ಗ್ರೀನ್‌ಶ್ಯಾಂಕ್. ಕುಡುಗೋಲಿನಂತೆ ಕೆಳಗೆ ಬಾಗಿದ ಉದ್ದ ಕೊಕ್ಕಿನದು ಕರ್ಲ್ಯೂ. ಮೇಲೆ ಕೆಂಗಂದು ರೆಕ್ಕೆ, ಬಿಳಿ ತಲೆಯ ಗರುಡ ಸುತ್ತುತ್ತಿರುತ್ತದೆ, ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದೂ ಕಾಣುತ್ತದೆ.

ಒಂದು ಮುಖ್ಯ ವಿಷಯ: ಇಲ್ಲಿ ಗಡಿಯಾರಕ್ಕಿಂತ ನೀರಿನ ಉಬ್ಬರ ಇಳಿತ ನೋಡಿಕೊಂಡು ಹೋಗಬೇಕು. ನೀರು ಪೂರ್ತಿ ತುಂಬಿದ್ದಾಗ ಹೋದರೆ ಹಕ್ಕಿಗಳು ದೂರದ ದಿಬ್ಬದ ಮೇಲೆ ನಿದ್ದೆ ಹೊಡೀತಾ ಇರುತ್ತವೆ. ಇಳಿತದಲ್ಲಿ ಮೇಯಲು ಚದುರುತ್ತವೆ. ನೀರು ಮತ್ತೆ ಏರತೊಡಗಿದಾಗ ದಡದ ಹತ್ತಿರಕ್ಕೆ ಬರುತ್ತವೆ, ಅದೇ ಒಳ್ಳೆಯ ಹೊತ್ತು. ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಇಳಿತ ಹೆಚ್ಚು, ಕೆಸರು ಬಯಲೂ ದೊಡ್ಡದು. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡುವ ನಮಗೆ ಇದು ಯಾವ ಮಹಾ ವಿದ್ಯೆ! ಶಿವರಾತ್ರಿ ಅಮಾವಾಸ್ಯೆಗೆ ಮಾತ್ರ ಬೇಡ, ಗೋಕರ್ಣದಲ್ಲಿ ಕಾಲಿಡಲು ಜಾಗ ಇರಲ್ಲ. ಹೋಳಿ ಹುಣ್ಣಿಮೆಗೆ ಹೋದರೆ ಆ ಕಡೆಯ ಸುಗ್ಗಿ ಕುಣಿತವೂ ಸಿಕ್ಕೀತು.

ಇಳಿತದ ಹೊತ್ತಿಗೆ ಅಲ್ಲಿ ನಿಮಗೆ ಹೆಂಗಸರೂ ಕಾಣುತ್ತಾರೆ. ಸೊಂಟ ಬಗ್ಗಿಸಿ ಕೆಸರಿನಲ್ಲಿ ಚಿಪ್ಪಿಕಲ್ಲು ಆರಿಸುತ್ತಿರುತ್ತಾರೆ, ಹಕ್ಕಿಗಳಿಂದ ನಾಲ್ಕು ಮಾರು ದೂರದಲ್ಲಿ. ನಮಗೆ ವೀಕೆಂಡ್, ಅವರಿಗೆ ಅವತ್ತಿನ ಸಂಪಾದನೆ. ಮೊಬೈಲ್ ಹಿಡಿದು ಅವರ ಫೋಟೋ ತೆಗೆಯೋಕೆ ಹೋಗಬೇಡಿ. ಮಾತಾಡಿಸಿ. ಯಾವ ಹಕ್ಕಿ ಯಾವಾಗ ಎಲ್ಲಿ ಇಳಿಯುತ್ತೆ ಅಂತ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿಯಾರು.

ಯಾರೂ ಹೇಳದ ಇನ್ನೊಂದು ತೊಂದರೆ ಶೌಚಾಲಯದ್ದು. ಅಳಿವೆಯ ದಂಡೆಯಲ್ಲಿ ಅದನ್ನು ನಂಬಿಕೊಳ್ಳೋ ಹಾಗಿಲ್ಲ. ಹಾಗಂತ ನೀರೇ ಕುಡಿಯದೆ ಬಿಸಿಲಲ್ಲಿ ನಿಲ್ಲಬೇಡಿ. ಕುಮಟಾದಲ್ಲೋ ಗೋಕರ್ಣದಲ್ಲೋ ರೂಮು ಮಾಡಿ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಂತ ಹೋಗಿ ಬನ್ನಿ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ದಾಟುವಾಗಲೇ ಎಷ್ಟೋ ಹಕ್ಕಿ ಸಿಗುತ್ತವೆ. ಸೀರೆ ಬೇಡ, ಮಾಸಲು ಬಣ್ಣದ ಚೂಡಿದಾರ್ ಸಾಕು. ದುಪಟ್ಟಾ ಹಾರಾಡದ ಹಾಗೆ ಕಟ್ಟಿಕೊಳ್ಳಿ, ಹಕ್ಕಿಗಳು ಅದಕ್ಕೇ ಬೆದರುತ್ತವೆ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾಜಾಜಿನಗರದವರಿಗೆ ಯಶವಂತಪುರದಲ್ಲೇ ಸಿಗುತ್ತದೆ. ಶುಕ್ರವಾರ ಸಂಜೆ ಹತ್ತಿದರೆ ಶನಿವಾರ ಬೆಳಿಗ್ಗೆ ಕುಮಟಾ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ಹಾಗಾಗಿ ಸಂಕ್ರಾಂತಿಯ ಎಳ್ಳು ಬೀರುವಾಗಲೇ ಗೆಳತಿಯರ ಹತ್ತಿರ ಮಾತಾಡಿಕೊಳ್ಳಿ. ಭಾನುವಾರ ಸಂಜೆ ಅಲ್ಲಿ ಹತ್ತಿದರೆ ನೀವು ಇಳಿಯೋದು ಸೋಮವಾರ ಬೆಳಿಗ್ಗೆ. ಆವತ್ತಿನ ಟಿಫನ್ ಡಬ್ಬಿಗೆ ಏನು ಅಂತ ಫೋನ್ ಬಂದರೆ, ರವೆ ಡಬ್ಬ ಎಲ್ಲಿದೆ ಅಂತ ಮಾತ್ರ ಹೇಳಿ.